ಅತ್ತಿಯ ಅಳು ಮಂದಿಯ ಪಾಲಾದ ಹಿಂಗಾರಿ

ಮೊನ್ನೆ ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನರಗುಂದದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲಿ ರೀಲ್ಸ್ ನೋಡುತ್ತಿದ್ದಳು. ಕಿವಿಗೆ ವಾಯರು ಸಿಕ್ಕಿಸಿಕೊಂಡು ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಒಬ್ಬರು ನೋಡಿದರೆ ಇಡೀ ಬಸ್ ಸ್ಟ್ಯಾಂಡು ಕೇಳಬೇಕು. ಅಡುಗೆ, ದೇವರ ಪೂಜೆ, ಯಾರೋ ಯಾರಿಗೋ ಕಪಾಳಕ್ಕೆ ಹೊಡೆದದ್ದು, ಹೀಗೆ ಒಂದೊಂದನ್ನೇ ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದವಳು ಒಂದು ಕಡೆ ನಿಂತಳು. ಫೋನಿನೊಳಗಿಂದ ನನ್ನ ಅತ್ತಿ ಅಳತೊಡಗಿದಳು.

"ಗೊರಕಿ ಹೊಡೀತಿ ಅಂತ ದಿನಾ ಬೈತಿದ್ದೆನಲ್ಲೋ ನನ ದೊರಿಯೇ, ಇನ್ನ ಆ ಗೊರಕಿ ಇಲ್ಲದ ನನಗ ನಿದ್ದಿ ಹ್ಯಾಂಗ ಬಂದೀತೋ..."

ಪಕ್ಕದವಳು ನಕ್ಕಳು. ನಗುತ್ತಲೇ ಫೋನನ್ನು ನನ್ನ ಕಡೆ ತಿರುಗಿಸಿ, "ನೋಡ್ರಿ ಅಕ್ಕಾರ, ಎಷ್ಟ ಮಜಾ ಮಾಡ್ಯಾರ" ಎಂದಳು. ತೆರೆಯ ಮೇಲೆ ಯಾವುದೋ ಊರಿನ ಗಂಡ ಹೆಂಡತಿ ಇದ್ದರು. ಗಂಡ ಮಂಚದ ಮೇಲೆ ಬಾಯಿ ತೆರೆದು ಮಲಗಿದ ನಾಟಕ ಮಾಡುತ್ತಿದ್ದ. ಹೆಂಡತಿ ಅತ್ತಿಯ ದನಿಗೆ ತುಟಿ ಆಡಿಸುತ್ತ ಎದೆ ಬಡಿದುಕೊಳ್ಳುತ್ತಿದ್ದಳು. ನಾನು ಎದ್ದು ಬೇರೆ ಬೆಂಚಿಗೆ ಹೋಗಿ ಕೂತೆ. ಅವಳಿಗೆ ನಾಲ್ಕು ಮಾತು ಅನ್ನಬೇಕಿತ್ತು, ಆದರೆ ಅಂದು ಅಂದು ನನ್ನ ಬಾಯಿ ಸೋತಿದೆ. ಮೂರು ವರ್ಷವಾಯಿತು. ಮಂದಿಗೆ ಇನ್ನೂ ಸಾಕಾಗಿಲ್ಲ.

ಆ ದನಿ ಗಂಗವ್ವ ಅತ್ತಿಯದು. ಅವಳು ನನ್ನ ಅಪ್ಪನ ಅಕ್ಕ. ನರಗುಂದದ ನಮ್ಮ ಮನೆಯಲ್ಲಿ ಹುಟ್ಟಿ, ಹತ್ತಿರದ ಶಿರೋಳಕ್ಕೆ ಲಗ್ನವಾಗಿ ಹೋದವಳು. ನಾನು ಆಮೇಲೆ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದೆ. ಇಲ್ಲಿ ನಮಗೆ ಕೈಮಗ್ಗದ ಸೀರೆಯ ಅಂಗಡಿ ಇದೆ.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಹೆಣವನ್ನು ಗೋಡೆಗೆ ಒರಗಿಸಿ ಕುಳ್ಳಿರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ ಮೇಲೆ ಹತ್ತಿರದವಳೊಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಹಿಂದಿನಿಂದ ಹಿಡಿಯುತ್ತಾರೆ. ಅದರಲ್ಲಿ ಹೊಗಳಿಕೆ ಕಡಿಮೆ. ಸತ್ತವನಿಗೆ ಯಾವ ಪಲ್ಲೆ ಇಷ್ಟವಿತ್ತು, ಯಾವ ಎತ್ತಿಗೆ ಮೊದಲು ನೀರು ಕುಡಿಸುತ್ತಿದ್ದ, ಯಾರೊಡನೆ ಮಾತು ಬಿಟ್ಟಿದ್ದ, ಯಾವ ಜಗಳ ಮುಗಿಯದೆ ಉಳಿಯಿತು, ಎಲ್ಲ ಬರಬೇಕು. ಬದುಕಿದ್ದಾಗ ಯಾರೂ ಬಾಯಿ ಬಿಡದ ಮಾತು ಅಲ್ಲಿ ಹೊರಗೆ ಬೀಳುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ನನ್ನ ಅಪ್ಪ ತೀರಿಹೋದ ದಿವಸ ಗಂಗವ್ವ ಅತ್ತಿ ಅತ್ತದ್ದರಿಂದಲೇ ನನಗೆ ಗೊತ್ತಾಯಿತು: ಅವಳು ಲಗ್ನವಾಗಿ ಹೊರಟಾಗ ಅಪ್ಪ ಇನ್ನೂ ಚಡ್ಡಿ ಹುಡುಗ, ಅಕ್ಕನ ಚಕ್ಕಡಿಯ ಹಿಂದೆ ಅಳುತ್ತ ಶಿರೋಳದವರೆಗೂ ಓಡಿ ಬಂದಿದ್ದನಂತೆ. ಮನೆಯಲ್ಲಿ ನಗದೆ, ಮಾತಾಡದೆ ಇರುತ್ತಿದ್ದ ನನ್ನ ಅಪ್ಪ. ಆ ಒಂದು ಮಾತಿನಿಂದ ಅವನು ನನಗೆ ಬೇರೆಯೇ ಮನುಷ್ಯನಾದ. ಸುತ್ತಲಿನ ಊರುಗಳಲ್ಲಿ ಹೀಗೆ ಅಳುವವರು ಈಗ ಬಹಳ ಉಳಿದಿಲ್ಲ. ಯಾರದೇ ಮನೆಯಲ್ಲಿ ಸಾವಾದರೂ ಅತ್ತಿಯನ್ನು ಕರೆಯಲು ಬರುತ್ತಿದ್ದರು.

ಇಷ್ಟು ಹೇಳಿದ ಮೇಲೆ ನನ್ನ ಫೋನಿನ ಸಂಗತಿಯನ್ನೂ ಹೇಳಬೇಕು. ನಾನೇನು ಫೋನು ಕಂಡರೆ ಮೂಗು ಮುರಿಯುವವಳಲ್ಲ. ಬೆಳಿಗ್ಗೆ ಒಲೆ ಹಚ್ಚುವುದಕ್ಕಿಂತ ಮೊದಲು ವಾಟ್ಸಾಪ್ ತೆರೆಯುತ್ತೇನೆ. ಅಂಗಡಿಯ ಬಾಗಿಲು ತೆಗೆದ ಕೂಡಲೇ ಹೊಸ ಸೀರೆಗಳ ಸೆರಗು ಹರಡಿ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತೇನೆ. ಅದನ್ನು ನೋಡಿಯೇ ಬೆಳಗಾವಿ, ಸೊಲ್ಲಾಪುರದಿಂದ ಫೋನು ಬರುತ್ತದೆ. ನಮ್ಮ ಬೀಗರು ಬಿಜ್ಜರೆಲ್ಲ ಸೇರಿದ ಒಂದು ಗ್ರೂಪಿದೆ. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನಕ್ಕೆ ಸಕ್ಕರೆ ಕಾಯಿಲೆಗೆ ಮನೆಮದ್ದು, ಸಂಜೆಗೆ ಯಾರದೋ ಮಗುವಿನ ಹುಟ್ಟುಹಬ್ಬ. ಯಾರಾದರೂ ಸತ್ತರೆ ಎಲ್ಲರೂ ಸಾಲಾಗಿ ಕೈಮುಗಿದ ಚಿತ್ರ ಒತ್ತುತ್ತೇವೆ. ಟಿವಿಯ ಧಾರಾವಾಹಿಯಿಂದ ಕಣ್ಣು ತೆಗೆಯದೆಯೇ ಒತ್ತಬಹುದು, ಅಷ್ಟು ರೂಢಿಯಾಗಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ರೀಲ್ಸ್ ಹಚ್ಚಿಕೊಳ್ಳುವುದೂ ನನಗೆ ಹೊಸದಲ್ಲ. ರೊಟ್ಟಿ ಹೊತ್ತಿದ್ದೂ ಉಂಟು.

ಆ ವರ್ಷ ಹಿಂಗಾರಿ ಮಳೆ ಚಲೋ ಆಗಿತ್ತು. ಎರೆ ಹೊಲಗಳಲ್ಲಿ ಬಿಳಿಜೋಳ, ಕಡಲೆ ಬಿತ್ತನೆ ಮುಗಿದಿತ್ತು. ಗಂಗವ್ವ ಅತ್ತಿಯ ಗಂಡ ಫಕ್ಕೀರಪ್ಪ ಮಾವ ಮೊಳಕೆ ನೋಡಿಕೊಂಡು ಬರುತ್ತೇನೆಂದು ಬೆಳಿಗ್ಗೆ ಹೊಲಕ್ಕೆ ಹೋದವನು ಬದುವಿನ ಮೇಲೆ ಕೂತಲ್ಲಿಯೇ ಹೋಗಿಬಿಟ್ಟ. ನಾನು ಶಿರೋಳ ಮುಟ್ಟುವ ಹೊತ್ತಿಗೆ ಅವನನ್ನು ಪಡಸಾಲೆಯಲ್ಲಿ ಕುಳ್ಳಿರಿಸಿದ್ದರು. ಅತ್ತಿ ಅವನ ಮೊಣಕಾಲು ಹಿಡಿದು ಕೂತು ಸೊಲ್ಲು ಎತ್ತಿದ್ದಳು. ನರಗುಂದದ ಸಂತೆಯಿಂದ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದದ್ದು, ಉಪ್ಪು ಹೆಚ್ಚೆಂದು ಅವಳು ಅದನ್ನು ಬೈಯುತ್ತಲೇ ತಿನ್ನುತ್ತಿದ್ದದ್ದು, ಮುದಿ ಎತ್ತನ್ನು ಮಾರಲು ಹೋಗಿ ಹಿಡಿದುಕೊಂಡು ವಾಪಸು ಬಂದದ್ದು. ಆಮೇಲೆ ಗೊರಕೆಯ ಮಾತು ಬಂತು. ಆ ಮಾತಿಗೆ ಅಲ್ಲಿ ಕೂತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ಅಳುವಿನ ನಡುವೆಯೇ ನಕ್ಕರು, ನಕ್ಕು ಮತ್ತಷ್ಟು ಅತ್ತರು. ನಾನೂ ಹಾಗೆಯೇ ಅತ್ತೆ. ಅಲ್ಲಿ ಆ ನಗುವಿಗೆ ಜಾಗವಿತ್ತು, ಯಾಕೆಂದರೆ ಆ ಗೊರಕೆಯನ್ನು ಕೇಳಿದವರೆಲ್ಲ ಅಲ್ಲಿಯೇ ಇದ್ದರು.

ಮಾವನ ತಂಗಿ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದವಳು. ಮಣ್ಣಿನ ಹೊತ್ತಿಗೆ ಬಂದು ಮುಟ್ಟುವುದು ಸಾಧ್ಯವಿರಲಿಲ್ಲ. ಈಗೀಗ ಅಂಥವರಿಗೆ ವಿಡಿಯೊ ಕಾಲ್ ಹಚ್ಚಿ ಕಡೆಯ ಮುಖ ತೋರಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮಾವನ ತಮ್ಮನ ಸೊಸೆ ಶಾಂತಾ ಫೋನ್ ಎತ್ತಿ ಹಿಡಿದಿದ್ದಳು. ನೆಟ್‌ವರ್ಕ್ ಸಿಗದೆ ಕಾಲ್ ಮತ್ತೆ ಮತ್ತೆ ಕಡಿದುಹೋಯಿತು. ಆ ಕಡೆ ಗೋವಾದವಳು ಅಣ್ಣನ ಮುಖ ಕಾಣುತ್ತಿಲ್ಲವೆಂದು ಗೋಳಾಡುತ್ತಿದ್ದಳು. ಕೊನೆಗೆ ಶಾಂತಾ ಅಳುವುದನ್ನೆಲ್ಲ ವಿಡಿಯೊ ಮಾಡಿ, ಆಮೇಲೆ ನೋಡಲಿ ಎಂದು ಗ್ರೂಪಿಗೆ ಹಾಕಿದಳು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಾನೂ ಮಾವನ ಫೋಟೋಕ್ಕೆ ಭಾವಪೂರ್ಣ ಶ್ರದ್ಧಾಂಜಲಿ ಎಂದು ಬರೆದು ಸ್ಟೇಟಸ್ ಹಾಕಿದೆ.

ಜೋಳ ಮೊಣಕಾಲೆತ್ತರ ಬಂದಿತ್ತು. ಚಳಿ ಶುರುವಾಗಿ ಬೆಳಗಿನ ಗಾಳಿಗೆ ತುಟಿ ಒಡೆಯುತ್ತಿತ್ತು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ, ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಫೋನಿನಿಂದ ಅತ್ತಿಯ ದನಿ ಬಂತು. ಕೈಯಲ್ಲಿ ಹಿಟ್ಟು ಹಾಗೆಯೇ ಇತ್ತು. ಇಡೀ ಅಳುವಿನಲ್ಲಿ ಗೊರಕೆಯ ಸೊಲ್ಲನ್ನಷ್ಟೇ ಕತ್ತರಿಸಿ ತೆಗೆದು, ಹಿಂದೆ ಯಾವುದೋ ಕೊಂಬಿನ ಸದ್ದು ಸೇರಿಸಿ, ಮೇಲೆ "ಗೊರಕಿ ಅಜ್ಜಿ" ಎಂದು ಹಳದಿ ಅಕ್ಷರದಲ್ಲಿ ಬರೆದಿದ್ದರು. ಮಾವನ ಮುಖಕ್ಕೆ ಒಂದು ನಗುವ ಗೊಂಬೆಯ ಚಿತ್ರ ಅಂಟಿಸಿದ್ದರು. ಗೌರವಕ್ಕಾಗಿ ಮುಖ ಮುಚ್ಚಿದ್ದಂತೆ, ಆಮೇಲೆ ತಿಳಿಯಿತು. ಕೆಳಗೆ ಕಮೆಂಟುಗಳು ಹರಿಯುತ್ತಿದ್ದವು. ಒಬ್ಬ ಅಜ್ಜಿಗೆ ಪ್ರಶಸ್ತಿ ಕೊಡಿರೆಂದು ಬರೆದಿದ್ದ. ಇನ್ನೊಬ್ಬಳು ತನ್ನ ಗಂಡನ ಹೆಸರು ಹಾಕಿ, ನಾಳೆ ನಾನೂ ಹೀಗೇ ಅಳುತ್ತೇನೆ ಎಂದು ಬರೆದು ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳನ್ನು ಸಾಲಾಗಿ ಇಟ್ಟಿದ್ದಳು. ನಾನು ಹಿಟ್ಟಿನ ಬೆರಳಿನಿಂದಲೇ ಒತ್ತಿದೆ: ಇವರು ನಮ್ಮ ಅತ್ತಿ, ಸತ್ತವರು ನಮ್ಮ ಮಾವ, ದಯವಿಟ್ಟು ತೆಗೆಯಿರಿ. ಸ್ವಲ್ಪ ಹೊತ್ತಿಗೆ ಯಾರೋ ಉತ್ತರ ಬರೆದರು: ಅಕ್ಕಾ, ಸ್ವಲ್ಪ ನಗೋದ ಕಲೀರಿ.

ದೂರು ಕೊಡುವ ಗುಂಡಿಯನ್ನೂ ಒತ್ತಿದೆ. ಏನು ತೊಂದರೆ ಎಂದು ಅದು ಕೇಳಿತು. ಸುಳ್ಳು ಸುದ್ದಿಯೇ, ಹಿಂಸೆಯೇ, ಬತ್ತಲೆಯೇ, ಮೋಸವೇ ಎಂದು ಒಂದೊಂದನ್ನೇ ತೋರಿಸಿತು. ನಮ್ಮ ಮನೆಯ ಅಳುವನ್ನು ಕೇಳದೆ ಎತ್ತಿಕೊಂಡು ಹೋಗಿದ್ದಾರೆ ಎಂದು ಹೇಳಲು ಅಲ್ಲಿ ಎಲ್ಲಿಯೂ ಜಾಗವಿರಲಿಲ್ಲ. ಯಾವುದೋ ಒಂದನ್ನು ಒತ್ತಿದೆ. ಇದು ನಮ್ಮ ನಿಯಮಕ್ಕೆ ವಿರುದ್ಧವಾಗಿಲ್ಲ ಎಂದು ಮಾರನೆಯ ದಿನ ಉತ್ತರ ಬಂತು. ಹೆಣದ ಮುಂದೆ ಎಷ್ಟು ನಗಬಹುದು ಎಂಬುದಕ್ಕೆ ಅವರದೇ ಒಂದು ನಿಯಮ ಇದ್ದಿರಬೇಕು.

ಮೊದಲು ಹಾಕಿದವನು ಯಾರೆಂದು ಹುಡುಕಿದರೆ ನಮ್ಮವನೇ ಸಿಕ್ಕ. ರೋಣದಲ್ಲಿ ಫೋಟೋ ಸ್ಟುಡಿಯೊ ಇಟ್ಟುಕೊಂಡಿರುವ ಈರಣ್ಣ, ಮಾವನ ಕಡೆಯ ಸಂಬಂಧಿ, ಮಕ್ಕಳಿರುವ ಸಂಸಾರಸ್ಥ. ಉತ್ತರ ಕರ್ನಾಟಕದ ಕಾಮಿಡಿ ಎಂದು ಒಂದು ಪೇಜು ನಡೆಸುತ್ತಿದ್ದ. ಗಂಡನಿಗೆ ಅಂಗಡಿ ಒಪ್ಪಿಸಿ ರೋಣದ ಬಸ್ಸು ಹತ್ತಿದೆ. ಸ್ಟುಡಿಯೊಕ್ಕೆ ಕಾಲಿಟ್ಟರೆ ಅವನು ಸಂತೋಷದಿಂದ ಎದ್ದು ಕುರ್ಚಿ ಹಾಕಿದ.

"ಬರ್ರಿ ಅಕ್ಕಾರ, ಭಾಳ ದಿನಕ್ಕ ಬಂದ್ರಿ. ಚಾ ತರಸ್ಲೇನ್ರಿ?"

"ಚಾ ಬ್ಯಾಡ. ಅತ್ತಿ ಅತ್ತದ್ದನ್ನ ನೀ ಹಾಕೀ?"

"ಹೌದ್ರಿ. ಎಷ್ಟ ಮಂದಿ ನೋಡ್ಯಾರ ಗೊತ್ತೇನ್ರಿ? ನಮ್ಮ ಅತ್ತಿ ಫೇಮಸ್ ಆಗ್ಯಾರ. ಒಂದು ದಿವಸ ಶಿರೋಳಕ್ಕ ಹೋಗಿ ಇಂಟರ್‌ವ್ಯೂ ಮಾಡ್ಬೇಕಂತ ಅದೀನಿ."

"ನಿಮ್ಮ ಮಾವ ಸತ್ತಿದ್ದೋ ಈರಣ್ಣ, ನಾಟಕ ಅಲ್ಲ ಅದು."

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಹಾಡ್ಯಾಡಿ ಅಳೋದು ನಮ್ಮ ಸಂಸ್ಕೃತಿ. ಈಗಿನ ಹುಡುಗ್ರಿಗೆ ಗೊತ್ತಾಗ್ಲಿ, ಉಳೀಲಿ ಅಂತ ಹಾಕೀನಿ."

ಸಂಸ್ಕೃತಿಯಂತೆ. ಅದನ್ನು ಉಳಿಸುವುದಕ್ಕೆ ಕೊಂಬಿನ ಸದ್ದು ಬೇಕಾಯಿತು, ನಗುವ ಗೊಂಬೆ ಬೇಕಾಯಿತು. ನನ್ನ ನಾಲಗೆಗೆ ಬಂದದ್ದನ್ನೆಲ್ಲ ಅಂದೆ. ಫೋಟೋ ತೆಗೆಸಲು ಬಂದಿದ್ದ ಇಬ್ಬರು ಗಿರಾಕಿಗಳು ಎದ್ದು ಹೊರಗೆ ನಿಂತರು. ಈರಣ್ಣ ಮುಖ ಸಣ್ಣ ಮಾಡಿಕೊಂಡು ನನ್ನ ಎದುರಿಗೇ ಅದನ್ನು ಅಳಿಸಿದ. ಅಳಿಸಿ, ಫೋನ್ ತೋರಿಸುತ್ತ ಮೆಲ್ಲಗೆ ಹೇಳಿದ: "ನಂದೇನೋ ತಗದೀನ್ರಿ. ಆದ್ರ ಆ ದನಿ ಮ್ಯಾಲೆ ಈಗ ಎಲ್ಲಾರೂ ರೀಲ್ಸ್ ಮಾಡಾಕತ್ತಾರ. ಮಂದಿ ಇಳಿಸಿಕೊಂಡಾರ. ಅದು ನನ್ನ ಕೈಯಾಗ ಇಲ್ರಿ."

ಅವನಿಗೆ ವಿಡಿಯೊ ಕಳಿಸಿದವರು ಯಾರು ಎಂದು ಗ್ರೂಪಿನಲ್ಲಿ ಕೇಳಿದೆ. ಎಲ್ಲರೂ ನೋಡಿದರು, ಒಬ್ಬರೂ ಉತ್ತರ ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಗುಲಾಬಿ ಹೂವಿನ ಶುಭೋದಯ ಬಂತು. ಅಂದು ನಾನು ಆ ಗ್ರೂಪು ಬಿಟ್ಟೆ. ರೀಲ್ಸ್ ಆ್ಯಪನ್ನೂ ತೆಗೆದುಹಾಕಿದೆ. ಅಂಗಡಿಯ ಸೀರೆಗಳಿಗಾಗಿ ವಾಟ್ಸಾಪ್ ಮಾತ್ರ ಉಳಿಸಿಕೊಂಡೆ.

ಅತ್ತಿಯ ಹತ್ತಿರ ಇರುವುದು ಬಟನ್ ಫೋನು. ಅವಳಿಗೆ ಗೊತ್ತಾಗದೆ ಹೋಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಆ ಹೊತ್ತಿಗೆ ನರಗುಂದದಲ್ಲಿ ನನ್ನ ಅವ್ವನಿಗೆ ಎದೆಯ ತ್ರಾಸು ಹೆಚ್ಚಾಗಿತ್ತು. ತಮ್ಮ ಮತ್ತು ಅವನ ಹೆಂಡತಿ ದವಾಖಾನಿಗೆ ತಿರುಗುತ್ತಿದ್ದರು, ನಾನೂ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಒಂದು ದಿವಸ ಅತ್ತಿ ಅವ್ವನನ್ನು ನೋಡಲು ಶಿರೋಳದಿಂದ ಬಂದಳು. ಬಂದವಳೇ ಹೇಳಿದಳು: "ಬಸ್ಸಿನ್ಯಾಗ ಕಾಲೇಜ ಹುಡುಗ್ಯಾರು ಗೊರಕಿ ಅಜ್ಜಿ, ಗೊರಕಿ ಅಜ್ಜಿ ಅಂತ ನನ್ನ ಬಾಜೂಕ ಕುಂತು ಫೋಟೋ ಹೊಡಕೊಂಡ್ರು. ಯಾರ ಮಕ್ಕಳೋ ಏನೋ, ಚಲೋತ್ನಂಗ ಇರ್ರಿ ಅಂದೆ. ನನ್ನ ಗೊರಕಿ ಮಾತು ಅವರಿಗೆ ಹ್ಯಾಂಗ ಗೊತ್ತಾತ ಸುಮಾ?"

ಸುಳ್ಳು ಹೇಳಲು ಆಗಲಿಲ್ಲ. ತಮ್ಮನ ಫೋನಿನಲ್ಲಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಒಂದು ಜೋಡಿ, ಆಮೇಲೆ ಇನ್ನೊಂದು ಜೋಡಿ, ಆಮೇಲೆ ಲುಂಗಿ ಉಟ್ಟು ಸೆರಗು ಹೊದ್ದ ಒಬ್ಬ ಗಂಡಸು, ಎಲ್ಲರ ಬಾಯಿಂದಲೂ ಅವಳದೇ ಅಳು.

"ಇವರ ಮನ್ಯಾಗ ಯಾರ ಸತ್ತಾರ?" ಎಂದು ಕೇಳಿದಳು.

"ಯಾರೂ ಸತ್ತಿಲ್ಲ ಅತ್ತಿ."

"ಮತ್ತ ಯಾಕ ಅಳಾಕತ್ತಾರ?"

ಅವ್ವ ಹಾಸಿಗೆಯ ಮೇಲೆ ಆ ಕಡೆ ಮುಖ ತಿರುಗಿಸಿಕೊಂಡಳು. ಅತ್ತಿ ಫೋನನ್ನು ಚಾಪೆಯ ಮೇಲೆ ಬೋರಲು ಇಟ್ಟಳು. ಅವ್ವನ ಕಾಲು ಒತ್ತಿದಳು, ಚಹಾ ಕುಡಿದಳು, ಸಂಜೆಯ ಬಸ್ಸಿಗೆ ಹೋದಳು.

ಕೆಲವು ದಿನಗಳಲ್ಲಿ ಶಿರೋಳದಲ್ಲಿ ಒಂದು ಸಾವಾಯಿತು. ಕರೆಯಲು ಬಂದವರಿಗೆ ಅತ್ತಿ, ಗಂಟಲು ಕಟ್ಟೈತಿ ಎಂದು ಹೇಳಿ ಕಳಿಸಿದಳಂತೆ. ಅದಕ್ಕೂ ಊರು ಬಾಯಿ ಮುಚ್ಚಲಿಲ್ಲ. ಈಗ ಫೇಮಸ್ ಆಗ್ಯಾಳಲ್ಲ, ಪುಕ್ಕಟೆ ಬರ್ತಾಳೇನು ಎಂದರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವಳ ಬಾಯಿಂದ ಅಳುವನ್ನು ಕಿತ್ತುಕೊಂಡವರೇ ಈಗ ಅವಳಿಗೆ ಸೊಕ್ಕು ಬಂದಿದೆ ಎನ್ನುತ್ತಿದ್ದರು.

ನನ್ನ ಉರಿಗೆ ಇನ್ನೊಂದು ಕಾರಣವೂ ಇತ್ತು. ಅವ್ವ ತನ್ನ ಬಗ್ಗೆ ಎಂದೂ ಏನೂ ಹೇಳಿದವಳಲ್ಲ. ಹದಿನಾರರ ಹುಡುಗಿಯಾಗಿ ಆ ಮನೆಗೆ ಬಂದವಳು. ಗಂಗವ್ವ ಅತ್ತಿ ಆಗ ತವರಿಗೆ ಬಂದುಹೋಗುತ್ತ ಅವಳಿಗೆ ಜೊತೆಯಾಗಿದ್ದವಳು. ನನಗಿಂತ ಮೊದಲು ಅವ್ವನಿಗೆ ಒಂದು ಕೂಸು ಹುಟ್ಟಿ ಹೋಗಿತ್ತೆಂದು ಎಂದೋ ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಅಪ್ಪನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅಪ್ಪನ ಹೆಣದ ಮುಂದೆ ಅತ್ತಿ ಅದನ್ನು ಎತ್ತಲಿಲ್ಲ. ಅವ್ವ ಅಲ್ಲೇ ಕೂತು ಕೇಳುತ್ತಿದ್ದಳಲ್ಲ. ಆ ಚಳಿಗಾಲದಲ್ಲಿ ಅವ್ವನಿಗೆ ಗುಳಿಗೆ ಕೊಡುತ್ತ ಒಮ್ಮೆ ಕೇಳಿಯೇಬಿಟ್ಟೆ. ಅವಳು ನೀರು ಕುಡಿದು ಲೋಟ ಕೊಟ್ಟಳು.

"ನಾ ಹೋದಾಗ ನನ್ನ ಮುಂದ ಗಂಗವ್ವ ಅಳ್ತಾಳ. ಆಗ ಕೇಳಕೋ" ಎಂದಳು.

ಕಡಲೆ ಕೀಳುವ ಸುಗ್ಗಿಯಲ್ಲಿ ಅವ್ವ ಹೋದಳು. ಬೆಳಿಗ್ಗೆ ತಮ್ಮನ ಫೋನು ಬಂತು. ನಾನು ನರಗುಂದ ಮುಟ್ಟಿದಾಗ ಬಿಸಿಲು ಏರಿತ್ತು. ಅವಳನ್ನು ಕುಳ್ಳಿರಿಸಿ, ನಮ್ಮ ಅಂಗಡಿಯದೇ ಹೊಸ ಸೀರೆ ಉಡಿಸಿದ್ದರು. ಓಣಿಯ ಹೆಂಗಸರು ಸುತ್ತ ಕೂತು ಬಾಗಿಲ ಕಡೆಗೇ ನೋಡುತ್ತಿದ್ದರು. ಅತ್ತಿ ಬಂದಳು. ಒಳಗೆ ಕಾಲಿಟ್ಟವಳು ನೆರೆದವರ ಮುಖ ನೋಡಲಿಲ್ಲ, ಕೈಗಳನ್ನು ನೋಡಿದಳು. ಮೂಲೆಯಲ್ಲಿ ಒಬ್ಬಳು ಯಾರೋ ದೂರದವರಿಗೆ ತೋರಿಸಲು ಫೋನ್ ಎತ್ತಿದ್ದಳು. ನಾನು ಹೋಗಿ ಅದನ್ನು ಕಿತ್ತುಕೊಂಡೆ. ಆಮೇಲೆ ಕಂಡವರ ಕೈಯಿಂದೆಲ್ಲ ಇಸಕೊಂಡು ಮಡಿಲಲ್ಲಿ ಕಟ್ಟಿಕೊಂಡೆ. ಕೆಲವರು ಮುಖ ಗಂಟಿಕ್ಕಿದರು.

"ಯಾರ ಕೈಯಾಗೂ ಇಲ್ಲ ಅತ್ತಿ. ಅಳು" ಎಂದೆ.

"ಕಿಟಕ್ಯಾಗ ನೋಡು" ಎಂದಳು.

ನೋಡಿದೆ. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಅಂಗಳದಲ್ಲಿ ಗಂಡಸರು ನಿಂತಿದ್ದರು, ಅವರ ಅಂಗಿಯ ಕಿಸೆಗಳಲ್ಲೆಲ್ಲ ಫೋನುಗಳಿದ್ದವು. ಅತ್ತಿ ಅದನ್ನೂ ನೋಡಿದಳು. ಅವ್ವನ ಹತ್ತಿರ ಕೂತು, ಕೊರಳ ಹಾರವನ್ನು ಸರಿಸಿ, ಅವಳ ಕಿವಿಗೆ ಬಾಯಿ ಹಚ್ಚಿದಳು. ಅಲ್ಲಿ ಹೇಳತೊಡಗಿದಳು. ಪಿಸುದನಿಯೂ ನಮಗೆ ಕೇಳಲಿಲ್ಲ. ತುಟಿ ಅಲುಗುವುದು ಕಾಣುತ್ತಿತ್ತು, ಭುಜ ಅದುರುವುದು ಕಾಣುತ್ತಿತ್ತು. ಒಮ್ಮೆ ಅವಳ ಮುಖದ ಮೇಲೆ ನಗುವೂ ಬಂದು ಹೋಯಿತು. ಹಿಂದಿನಿಂದ ಸೊಲ್ಲು ಹಿಡಿಯಲು ಕೂತ ಹೆಂಗಸರು ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಮಡಿಲಲ್ಲಿ ಕಟ್ಟಿಕೊಂಡ ಫೋನುಗಳ ಸಮೇತ ಮೆಲ್ಲನೆ ಸರಿದು ಹತ್ತಿರ ಹೋದೆ. ಅತ್ತಿ ನಿಲ್ಲಿಸಿದಳು. ನಾನು ಹಿಂದೆ ಸರಿಯುವವರೆಗೂ ಕಾಯ್ದಳು. ಆಮೇಲೆ ಉಳಿದದ್ದನ್ನು ಹೇಳಿ ಮುಗಿಸಿದಳು. ಸಂಜೆಗೆ ಮಣ್ಣಾಯಿತು.

ಆಮೇಲೆ ಕೇಳದೆ ಬಿಟ್ಟೆನೆಂದಲ್ಲ. ಕರ್ಮ ಮುಗಿದ ಮೇಲೆ ಅವಳ ಊರಿಗೆ ಹೋಗಿ ಕಾಲು ಹಿಡಿದಂತೆಯೇ ಕೇಳಿದೆ. ಅತ್ತಿ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು.

"ಹೆಣದ ಮುಂದಿನ ಮಾತು ಹೆಣದ ಮುಂದ ಅಷ್ಟ ಸುಮಾ. ಮನ್ಯಾಗ ಕುಂತು ಹೇಳಿದ್ರ ಅದು ಚಾಡಿ ಆಕ್ಕೈತಿ" ಎಂದಳು. "ನಿಮ್ಮವ್ವಗ ಎಲ್ಲಾ ಹೇಳೀನಿ. ಒಂದೂ ಬಿಟ್ಟಿಲ್ಲ."

ಇದು ನಮ್ಮ ಹೆಂಗಸರ ಕಟ್ಟುನಿಟ್ಟು, ಅದನ್ನು ಅವಳು ಮುರಿಯುವವಳಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ನಕ್ಕವರ ಮೇಲೆ, ನಗೋದ ಕಲೀರಿ ಎಂದು ನನಗೆ ಬುದ್ಧಿ ಹೇಳಿದವರ ಮೇಲೆ. ಅವ್ವ ನನಗೆಂದು ಇಟ್ಟು ಹೋದದ್ದು ಆ ಅಳುವೊಂದೇ. ಅದು ಅವಳ ಕಿವಿಯಲ್ಲಿಯೇ ಮಣ್ಣಿಗೆ ಹೋಯಿತು. ನನಗಿಂತ ಮೊದಲು ಹುಟ್ಟಿದ ಆ ಕೂಸು ಗಂಡೋ ಹೆಣ್ಣೋ ಎಂಬುದೂ ನನಗೆ ಗೊತ್ತಿಲ್ಲ.